ಇನ್ನೂ ಬಾರದ ಹುಣ್ಣು

ಮಾರ್ಚ್ 4, ಸಂಜೆ
ಇವತ್ತೂ ಮಧ್ಯಾಹ್ನದ ನಂತರವೇ ಗಂಟಲು ಹದಕ್ಕೆ ಬಂತು. ಆಡಿಯೋ ಪುಸ್ತಕಕ್ಕೆ ನಾನು ಓದುತ್ತಿರುವ ಕಾದಂಬರಿಯ ಇನ್ನೊಂದು ಅಧ್ಯಾಯ ರೆಕಾರ್ಡ್ ಆಯಿತು. ಗಾಜಿನ ಕೋಣೆಯೊಳಗೆ ಕೂತು ಬಾಗಿಲು ಮುಚ್ಚಿದರೆ ಮಾತು ತಾನಾಗಿ ಬರುತ್ತದೆ. ಹೊರಗೆ ಬಂದರೆ ಸ್ಟುಡಿಯೋ ಸರ್‌ಗೆ "ಬರ್ತೀನಿ" ಅನ್ನುವುದಕ್ಕೂ ತಡವರಿಸುತ್ತೇನೆ. ನಡುವೆ ಹೆಡ್‌ಫೋನಿನಲ್ಲಿ ಅವರ ದನಿ: "ನಾಯಕಿ ಅಳ್ತಿರೋವಾಗ ನಿಮ್ಮ ಹೊಟ್ಟೆ ಗುಡುಗ್ತು. ಊಟ ಮಾಡ್ಕೊಂಡು ಬನ್ನಿ, ಆಮೇಲೆ ಅಳೋಣ."
ಕಾಲೇಜಿನಲ್ಲಿ ಓದಿದ ಸಾಹಿತ್ಯ ಕೊನೆಗೂ ಒಂದು ಕೆಲಸಕ್ಕೆ ಬಂತು. ಇದು ಸರಿಯಾಗಿ ಮುಗಿದರೆ ಮುಂದಿನ ಪುಸ್ತಕವೂ ನನಗೇ.

ಮಾರ್ಚ್ 9
ಚರ್ಮದ ಡಾಕ್ಟರ ಹತ್ತಿರ. ಟಾರ್ಚ್ ಹಾಕಿ ಬಾಯಿ ನೋಡಿದರು, ಬೆನ್ನು ನೋಡಿದರು. ಎಲ್ಲ ಸರಿ. ಆಮೇಲೆ ರಕ್ತದ ರಿಪೋರ್ಟ್ ನೋಡಿದರು.
"ಚರ್ಮ ಚೆನ್ನಾಗಿದೆ. ರಕ್ತ ಬೇರೆ ಮಾತಾಡ್ತಿದೆ."
ಎರಡು ವರ್ಷದ ಹಿಂದೆ ಬಾಯೊಳಗೆಲ್ಲ ಗುಳ್ಳೆ, ಒಡೆದು ಹುಣ್ಣು. ನೀರು ನುಂಗಿದರೂ ಕಣ್ಣಲ್ಲಿ ನೀರು. ಚರ್ಮವನ್ನು ಹಿಡಿದಿಡುವ ಅಂಟನ್ನೇ ನನ್ನ ರಕ್ತ ಶತ್ರು ಎಂದುಕೊಂಡಿತ್ತು. ಹಾಗೆ ದಾಳಿ ಮಾಡುವ ಆಂಟಿಬಾಡಿಯ ಸಂಖ್ಯೆ ಈಗ ಮತ್ತೆ ಏರಿದೆ.
"ಮತ್ತೆ ಬರುತ್ತಾ?"
"ಬರೋದಕ್ಕೆ ಮುಂಚೆ ಏರೋದುಂಟು. ಏರಿಯೂ ಏನೂ ಆಗದೆ ಇರೋದೂ ಉಂಟು. ಮಾತ್ರೆ ಇಷ್ಟೇ ಇರಲಿ. ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ. ಒಂದು ಗುಳ್ಳೆ ಕಂಡ್ರೂ ಓಡಿ ಬನ್ನಿ."
ಕಂಡಿಲ್ಲ. ಕಾಣುತ್ತದೆಯೇ ಎಂದು ಕಾಯುವುದೇ ಈಗ ಕೆಲಸ.

ಮಾರ್ಚ್ 10
ಡಾಕ್ಟರು ಬರೆದುಕೊಟ್ಟ ಬೇರೊಂದು ಪರೀಕ್ಷೆ ನಾಳೆ ಇದೆ, ಅರ್ಧ ದಿನ ರಜೆ ಬೇಕು. ಫೋನಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ, ಅಣ್ಣನಿಗೆ ಹೇಳಿದೆ. ಅಣ್ಣ ಹೊಗೆ ಕಂಡರೆ ಕೂಗಿಕೊಳ್ಳುವ ಅಲಾರಂ ಮಾರುವವನು. ಬೆಂಕಿಗೆ ಮೊದಲೇ ಎಲ್ಲರನ್ನೂ ಎಬ್ಬಿಸುವುದು ಅವನ ಕಸುಬು.
"ಸರ್, ತಂಗಿಗೆ ಹಳೇ ಕಾಯಿಲೆ ತಿರುಗಿ ಬರೋ ಸೂಚನೆ ಇದೆ. ಬಾಯಲ್ಲೇ ಶುರುವಾಗೋದು. ನಿಮಗೆ ಮೊದಲೇ ಗೊತ್ತಿದ್ರೆ ಒಳ್ಳೇದಲ್ವಾ..."
ಬೇಡ ಬೇಡ ಎಂದು ಕೈ ಆಡಿಸಿದೆ. ಅವನು ಬೆನ್ನು ತಿರುಗಿಸಿಕೊಂಡು ಮಾತು ಮುಂದುವರಿಸಿದ.
ಅತ್ತಿಗೆ: "ರಜೆ ಕೇಳಿ ಅಂದ್ರೆ ಪುರಾಣಾನೇ ಬಿಚ್ಚಿಬಿಟ್ರಲ್ಲ ನೀವು."
"ನಾಳೆ ಇವಳ ಬಾಯಿ ಕೆಟ್ರೆ ಅವ್ರಿಗೆ ಯಾರು ಉತ್ತರ ಕೊಡ್ತಾರೆ? ನೀನಾ?"

ಮಾರ್ಚ್ 14
ಸ್ಟುಡಿಯೋದಲ್ಲಿ ಹೊಸ ಹುಡುಗಿ. ಸರ್ ಹೇಳಿದ್ದು: "ಸುಮ್ನೆ ಕೂತು ಕೇಳಿಸ್ಕೊಳ್ತಾಳೆ. ನಿಮಗೇನಾದ್ರೂ ಆದ್ರೆ... ಆಗಲ್ಲ ಬಿಡಿ."
ಸದಾ ಗಂಟಲಿನ ಮಿಠಾಯಿ ಚೀಪುತ್ತಾಳೆ. ಮನಸ್ಸಿನಲ್ಲೇ ಮಿಠಾಯಿ ಅಂತ ಹೆಸರಿಟ್ಟೆ. ನಾನು ಓದುವಾಗ ಗಾಜಿನ ಆಚೆ ಅವಳ ತುಟಿಯೂ ಆಡುತ್ತದೆ.

ಮಾರ್ಚ್ 27
ಈಗ ದಿನಾ ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲೇ ತಪಾಸಣೆ. "ಆ ಅನ್ನಿ" — ಸರ್ ಮೊಬೈಲ್ ಟಾರ್ಚ್ ಹಿಡಿಯುತ್ತಾರೆ. ಮಿಠಾಯಿಯೂ ಬಗ್ಗಿ ನೋಡುತ್ತಾಳೆ. ಇವತ್ತು ಕೇಳಿದಳು, "ಅಲ್ಲಿ ಕೆಂಪಗಿದೆಯಲ್ಲ ಅಕ್ಕಾ?" ದನಿಯಲ್ಲಿ ಕನಿಕರವಿತ್ತು. ಕಣ್ಣಲ್ಲಿ ಬೇರೇನೋ.
ಬಿಸಿ ಕಾಫಿ ಸುಟ್ಟದ್ದು. ಹೇಳಿದೆ. ನಂಬಿದ ಹಾಗೆ ತಲೆಯಾಡಿಸಿದರು, ಇಬ್ಬರೂ.
ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಅವಳೂ ತೆಗೆದುಕೊಳ್ಳುತ್ತಾಳೆ ಈಗ.

ಏಪ್ರಿಲ್ 11
ಸಂಖ್ಯೆ ಇನ್ನೂ ಏರಿದೆ. ಬಾಯಿ ಶುಭ್ರ. ಸ್ಟುಡಿಯೋಗೆ ಹೋಗುವಷ್ಟರಲ್ಲಿ ಅಣ್ಣ ಫೋನ್ ಮಾಡಿ ಆಗಿತ್ತು.
"ಪುಸ್ತಕದ ನಡುವೆ ದನಿ ಬದಲಾದ್ರೆ ಕೇಳೋರು ಬೈತಾರೆ," ಎಂದರು ಸರ್. "ಮೊದಲಿಂದ ಅವಳ ಕೈಲೇ ಓದಿಸ್ತೀವಿ."
"ನನಗೇನೂ ಆಗಿಲ್ಲ ಸರ್. ಇವತ್ತೂ ಓದಬಲ್ಲೆ, ನಾಳೆಯೂ. ಟಾರ್ಚ್ ಹಾಕಿ ನೋಡಿ." ಗಾಜಿನ ಹೊರಗೆ ನಾನು ಇಷ್ಟುದ್ದ ಮಾತಾಡಿದ್ದು ಇದೇ ಮೊದಲು.
"ಆಗಿಲ್ಲ ಅನ್ನೋದು ನಮಗೂ ಸಂತೋಷವೇ." ಟಾರ್ಚ್ ಹಾಕಲಿಲ್ಲ.
ನಾನು ಓದಿದ್ದನ್ನೆಲ್ಲ ಅಳಿಸುವುದಿಲ್ಲವಂತೆ. ಮಿಠಾಯಿಗೆ ಕೇಳಿ ಕಲಿಯಲು ಬೇಕಂತೆ.

ಮೇ 30
ಸಂಖ್ಯೆ ಇಳಿದಿದೆ. ಮೊದಲಿದ್ದಲ್ಲಿಗೇ. ಈ ನಡುವೆ ಒಂದೇ ಒಂದು ಗುಳ್ಳೆಯೂ ಇಲ್ಲ.
ಡಾಕ್ಟರ್ ಖುಷಿಯಲ್ಲಿದ್ದರು. "ಏರಿದೋರಿಗೆಲ್ಲ ಬರಲ್ಲ ಅಂದಿರ್ಲಿಲ್ವಾ?"
ಅಂದಿದ್ದರು.
ಅಣ್ಣ ಹಣ್ಣು ತಂದ. "ಬಾಯಿಗೆ ರೆಸ್ಟ್ ಸಿಕ್ತು ನೋಡು, ಅದಕ್ಕೇ ಇಳೀತು." ಅತ್ತಿಗೆ ಹಣ್ಣು ಹೆಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ನಾನೂ ತಿಂದೆ. ಹುಳಿ ಎಲ್ಲಿಯೂ ಉರಿಯಲಿಲ್ಲ. ಉರಿಯಬಾರದಿತ್ತೇ ಅನ್ನಿಸಿತು... ಒಂದು ಹುಣ್ಣಾದರೂ ಇದ್ದಿದ್ದರೆ ಅವರದು ಸರಿ ಎಂದುಕೊಂಡು ಮಲಗಬಹುದಿತ್ತು.

ಜೂನ್ 2, ಮಧ್ಯಾಹ್ನ
ಮಿಠಾಯಿ ಫೋನ್ ಮಾಡಿದ್ದಳು. ಕೊನೆಯ ಅಧ್ಯಾಯ ಓದುತ್ತಿದ್ದಾಳಂತೆ. ರೆಕಾರ್ಡಿಂಗ್‌ನಲ್ಲಿ ನಾನು ಅಲ್ಲಿಯವರೆಗೆ ತಲುಪಿರಲೇ ಇಲ್ಲ.
"ಜಡ್ಜ್ ಮುಂದೆ ಆ ಮುದುಕಿ ನಗ್ತಾಳಲ್ಲಕ್ಕಾ, ಅದು ನನಗೆ ಬರ್ತಿಲ್ಲ. ಸರ್ ಬೈತಿದ್ದಾರೆ. ನೀವಾಗಿದ್ರೆ ಹೇಗೆ ನಗ್ತಿದ್ರಿ?"
ಹೇಳಿಕೊಟ್ಟೆ. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಿಂದ.
"ಒಂದ್ಸಲ ನಕ್ಕು ತೋರಿಸ್ತೀರಾ? ರೆಕಾರ್ಡ್ ಮಾಡ್ಕೋತೀನಿ."
ಮಾಡಿಕೋ ಎಂದೆ. ನಕ್ಕೆ. ಅತ್ತಿಗೆ ಅಡುಗೆಮನೆಯಿಂದ ಇಣುಕಿದರು.
"ಸೂಪರ್ ಅಕ್ಕಾ. ಇನ್ನೊಂದ್ಸಲ, ಸ್ವಲ್ಪ ಜೋರಾಗಿ."
ಮತ್ತೆ ನಕ್ಕೆ. ಈ ಸಲ ಮುದುಕಿಯ ನಗು ಬರಲಿಲ್ಲ. ಬಂದದ್ದು ನನ್ನದೇ ಅಳು, ಅದೂ ರೆಕಾರ್ಡ್ ಆಯಿತು.