ಮಾರ್ಗೆಡ್ ನಿಲ್ಲುತ್ತಿದ್ದ ಕಮಾನು

ಮಾಂಟ್ಗಮರಿ, ಗುರುವಾರ, ೧೯೧೨

ಪ್ರೀತಿಯ ಅಜ್ಜಿ,

ನಾನು ಕೆಲಸಕ್ಕಿರುವ ಮನೆಯ ಒಡತಿ ಇಂದು ಮೊದಲ ಸಲ ನನ್ನನ್ನು ಬೆಣ್ಣೆ ಮಾರಲು ಸಂತೆಗೆ ಕಳಿಸಿದಳು. ಟೌನ್‌ಹಾಲಿನ ಇಟ್ಟಿಗೆ ಕಮಾನುಗಳ ಕೆಳಗೆ ಬೆಣ್ಣೆ ಮಾರುವ ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. ಮೂಲೆಯ ಕಮಾನು ಮಾತ್ರ ಖಾಲಿಯಿತ್ತು. ಅಲ್ಲಿ ಬುಟ್ಟಿ ಇಳಿಸಿದೆ.

“ಅಲ್ಲಿ ಬೇಡ ಕಣೇ, ಅದು ಮಾರ್ಗೆಡ್ ಜಾಗ,” ಎಂದಳು ಪಕ್ಕದ ಮುದುಕಿ ಪ್ರಾಸರ್. “ನಂಗೊಂದು ಮಾತೂ ಹೇಳ್ದೆ ಆ ಕುರಿಕಾಯೋ ಇಫಾನ್ ಹಿಂದೆ ಬೆಟ್ಟ ಹತ್ತಿದ್ಳು. ನಲವತ್ತು ವರ್ಷ ಆಯ್ತು.”

“ಇಫಾನ್ ನಮ್ಮ ತಾತ,” ಎಂದೆ.

ಅವಳು ನನ್ನ ಗಲ್ಲ ಎತ್ತಿ ಮುಖ ನೋಡಿದಳು. ಅಜ್ಜಿ, ನೀನು ಹೇಗಿದ್ದೀ ಎಂದು ಕೇಳಿದಳು. ಮಂಡಿನೋವು ಬಿಟ್ಟರೆ ಸುಖವಾಗಿದ್ದೀ ಎಂದೆ.

“ಹಾಗಾದ್ರೆ ನಿಂತ್ಕೋ. ಕಲ್ಲು ತಣ್ಣಗಿದೆ, ಕಾಲಡಿ ಗೋಣಿ ಹಾಕ್ಕೋ. ಮಾರ್ಗೆಡ್‌ಗೆ ಬರೆಯೋವಾಗ ಹೇಳು, ನಂಗೀಗ ಕೋಪ ಇಲ್ಲ ಅಂತ.”

ನನ್ನ ಕೆಮ್ಮು ವಾಸಿ. ಅಂಚೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ.

ನಿನ್ನ ಎಲಿನ್