ಮಂಕಾದದ್ದು ಕಣ್ಣಲ್ಲ

ಉತ್ತಮಪಾಳಯಂ
9 ಮಾರ್ಚ್ 2025, ಭಾನುವಾರ

ಪ್ರೀತಿಯ ತಮ್ಮ ಪಾಂಡಿಯರಾಜನಿಗೆ,

ದಿಂಡಿಗಲ್ಲಿನಲ್ಲಿ ಎಲ್ಲರೂ ಸೌಖ್ಯವೇ? ತಮಿಳರಸಿಯ ಮಂಡಿನೋವು ಇಳಿಯಿತೇ? ನಿನ್ನ ಕಣ್ಣು ಹೇಗಿದೆ? ಕಣ್ಣಿನ ವಿಷಯ ಬೇರೆಯಾಗಿಯೇ ಕೇಳುತ್ತಿದ್ದೇನೆ. ಏಕೆಂದರೆ ಫೆಬ್ರವರಿ ಹದಿನಾರರಂದು, ನಿನ್ನ ಮಗಳು ಯುವಶ್ರೀಯ ನಿಶ್ಚಿತಾರ್ಥದ ದಿನ, ಮಂಟಪದ ಬಾಗಿಲಲ್ಲೇ ನಿಂತು, ಇನ್ನೂರು ಜನರೆದುರು ನನ್ನ ಗಂಡನಿಗೆ ಕಣ್ಣು ಹೋಗಿದೆ ಎಂದು ನೀನು ಸಾರಿದೆ. “ಮಾಮಾ, ನಿಮ್ಗೆ ಕಣ್ಣು ಮಂಜಾಗೋಯ್ತು. ಸಾವಿ ಇಂಗೆ ಕೊಡ್ರಿ” ಎಂದು ಕೈ ಚಾಚಿ, ಕಾರಿನ ಬೀಗದ ಕೈ ಇಸಿದುಕೊಂಡು ಜೇಬಿಗೆ ಇಳಿಸಿದೆ. ಬೀಗರ ಕಡೆಯವರು ನಕ್ಕರು. ನಮ್ಮ ಯಜಮಾನರೂ ನಕ್ಕಂತೆ ಮಾಡಿದರು. ನಾನು ನಗಲಿಲ್ಲ. ಯುವಶ್ರೀಯ ದಿನ ಕೆಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಆ ಮುಂಜಾನೆ ಚಿನ್ನಮನೂರು ದಾಟಿದ ಮೇಲೆ ರಸ್ತೆ ನಡುವಿನ ತಡೆಗೋಡೆಗೆ ಕಾರಿನ ಬದಿ ಉಜ್ಜಿದ್ದು ನಿಜ. ಇನ್ನೂ ಬೆಳಕು ಹರಿದಿರಲಿಲ್ಲ. ರಸ್ತೆಯೇ ಕಾಣಲಿಲ್ಲ ಎಂದು ಅವರು ನಿನ್ನ ಹತ್ತಿರ ಹೇಳಿದ್ದೂ ನಿಜ. ಹಾಗೆ ಹೇಳಿದವರನ್ನು ಏಕೆ ಕಾಣಲಿಲ್ಲ ಎಂದು ಕೇಳುವುದಲ್ಲವೇ? ನೀನು ಕೇಳುವವನಲ್ಲ, ತೀರ್ಪು ಕೊಡುವವನು. ತೊಂಬತ್ತೊಂದರಲ್ಲಿ ರೇಡಿಯೋ ದನಿ ಕುಗ್ಗಿದಾಗ ಅಪ್ಪನಿಗೆ ಕಿವಿ ಹೋಯಿತೆಂದು ಊರಿಗೆಲ್ಲ ಹೇಳಿಕೊಂಡು ಬಂದವನೂ ನೀನೇ. ಅಪ್ಪ ಹತ್ತು ದಿನ ಯಾರು ಮಾತಾಡಿಸಿದರೂ ಕಿವಿಗೆ ಕೈ ಇಟ್ಟುಕೊಂಡು ಕೂತಿದ್ದರು. ಕಡೆಗೆ ನೋಡಿದರೆ ಸ್ಪೀಕರಿನ ತಂತಿ ಸಡಿಲವಾಗಿತ್ತು. ಆಗ ನಿನಗೆ ಹದಿನೆಂಟು. ಕ್ಷಮಿಸಿದೆವು. ಈಗ ಐವತ್ತೆರಡು.

ಬೀಗದ ಕೈ ಹೋದದ್ದಕ್ಕೆ ಇಷ್ಟು ಕೋಪವಲ್ಲ. ನೀನು ಹೇಳಿದ್ದನ್ನು ಅವರು ನಂಬಿಬಿಟ್ಟರು. ಮಂಟಪದಿಂದ ನಿನ್ನ ಡ್ರೈವರ್ ಸುಂದರ್ ಕಾರು ತಂದು ನಿಲ್ಲಿಸಿ, ಬೀಗದ ಕೈ ವಾಪಸ್ ನಿನಗೇ ಒಯ್ದ ಮೇಲೆ ಅವರು ತೋಟಕ್ಕೆ ಹೋಗಲಿಲ್ಲ. ಪೇಪರ್ ಬಿಚ್ಚಲಿಲ್ಲ. ನಲವತ್ತು ವರ್ಷ ಹತ್ತಿಳಿದ ಮೆಟ್ಟಿಲನ್ನು ಗೋಡೆ ಹಿಡಿದು ಇಳಿಯತೊಡಗಿದರು. ಸಾರಿನಲ್ಲಿರುವ ಕರಿಬೇವನ್ನು ನೀನೇ ಆರಿಸಿ ಹಾಕು ಎಂದು ನನಗೆ ಹೇಳಿದ ದಿನ ನಾನು ತೇನಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಪೊರೆ ಇಲ್ಲ. ಕನ್ನಡಕದ ನಂಬರ್ ನಾಲ್ಕು ವರ್ಷದ ಹಿಂದಿನದೇ. ಚೀಟಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಕಣ್ಣಿದ್ದರೆ ಓದಿಕೋ.

ಆಮೇಲೆ ಮನೆಯ ಟ್ರಂಕಿನಿಂದ ಕಾರಿನ ಇನ್ನೊಂದು ಬೀಗದ ಕೈ ತೆಗೆದೆ. ಬಾವಿ ಮೋಟಾರ್ ರಿಪೇರಿ ಮಾಡುವ ಆಂಡಿಯನ್ನು ಕರೆದು, ಮುಸ್ಸಂಜೆಯಲ್ಲಿ ಕಾರನ್ನು ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕಿಸಿದೆ. ಗೋಡೆಯ ಮೇಲೆ ಬಿದ್ದದ್ದು ಬೆಳಕಲ್ಲ, ತೆಳ್ಳಗಿನ ಅರಿಶಿನ ನೀರು. ಬಲಗಡೆಯದಂತೂ ಅದಕ್ಕಿಂತ ಮಂಕು. ಇಂಜಿನ್ ಓಡುತ್ತಿರುವಾಗ ಆಂಡಿ ಮೀಟರ್ ಹಿಡಿದ: ಬ್ಯಾಟರಿಯ ಬಳಿ ಹದಿನಾಲ್ಕು ವೋಲ್ಟ್, ಬಲ ದೀಪದ ಹಿಂದೆ ಹನ್ನೊಂದೂವರೆ. ಉಳಿದದ್ದನ್ನು ಅರ್ಥಿಂಗ್ ತಂತಿಯ ಬೋಲ್ಟ್ ತಿಂದು ಕೂತಿತ್ತು. ಬಿಚ್ಚಿದರೆ ಹಸಿರು ಕಿಲುಬು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಕೂಡಲೇ ಎರಡೂ ದೀಪ ಸಮನಾದವು. ಬಲ್ಬುಗಳ ಒಳಮೈ ಕಪ್ಪಾಗಿತ್ತು, ಎರಡನ್ನೂ ಬದಲಾಯಿಸಿದೆವು. ಆದರೂ ಬೆಳಕು ಚೆಲ್ಲಾಡಿತು, ಮುಂದಕ್ಕೆ ಹೋಗಲಿಲ್ಲ.

ಇಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ಪ್ರತಿ ಆಯುಧಪೂಜೆಗೂ ದೇವರ ಹಿತ್ತಾಳೆ ದೀಪ ಬೆಳಗಿದ ಮೇಲೆ, ಅದೇ ಹುಣಸೆಹಣ್ಣು, ಅದೇ ಬೂದಿ, ಅದೇ ತೆಂಗಿನ ನಾರು ಹಿಡಿದು ಕಾರಿನ ದೀಪಗಳನ್ನೂ ತಿಕ್ಕುತ್ತಿದ್ದೆ. ದೀಪ ಎಂದರೆ ದೀಪವೇ ಎಂದುಕೊಂಡಿದ್ದೆ. ಅದು ಗಾಜಲ್ಲ, ಪ್ಲಾಸ್ಟಿಕ್. ಹದಿನೈದು ವರ್ಷದ ಗೀರುಗಳ ಮೇಲೆ ಬಿಸಿಲು ಹಳದಿ ಬಳಿದಿತ್ತು. ಆಂಡಿ ಬೆರಳಿಟ್ಟು ಸವರಿ ನೋಡಿ, “ಅಣ್ಣನ ಕನ್ನಡಕಕ್ಕೂ ಹುಣಸೆ ಹಾಕಿ ತಿಕ್ಕಿದ್ರಾ ಅಕ್ಕಾ?” ಎಂದ. ಬೈಸಿಕೊಂಡೆ. ಮರುದಿನ ಸುತ್ತಲೂ ಟೇಪ್ ಅಂಟಿಸಿ, ನೀರು ಹನಿಸುತ್ತಾ ಮೊದಲು ಒರಟು, ಆಮೇಲೆ ನಯವಾದ ಉಪ್ಪುಕಾಗದದಲ್ಲಿ ನಾನೇ ಉಜ್ಜಿದೆ. ಹಳದಿ ನೀರು ಇಳಿಯಿತು. ಪಾಲಿಶ್ ಹಾಕಿ, ಬಿಸಿಲು ತಡೆಯುವ ಲೇಪ ಹೊಡೆದೆವು. ಅರ್ಧ ದಿನದ ಕೆಲಸ. ಇಷ್ಟಕ್ಕೆ ನೀನು ಒಬ್ಬ ಮನುಷ್ಯನನ್ನು ಕುರುಡನನ್ನಾಗಿ ಮಾಡಿದ್ದೆ.

ಆ ಸಂಜೆ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ದೀಪ ಹಾಕಿಸಿದೆ. ಕೊಟ್ಟಿಗೆಯ ಗೋಡೆಯಲ್ಲಿ ನನ್ನ ಮಾವ ಇದ್ದಿಲಿನಿಂದ ಬರೆದಿದ್ದ ಎತ್ತುಗಳ ಹೆಸರು ಇನ್ನೂ ಇವೆಯಲ್ಲ, ಅವನ್ನು ಅವರು ಕೂತಲ್ಲಿಂದಲೇ ಒಂದೊಂದಾಗಿ ಗಟ್ಟಿಯಾಗಿ ಓದಿದರು. ಹಾಗೇ ತೋಟಕ್ಕೆ ಒಂದು ಸುತ್ತು ಹೋಗಿ ಬನ್ನಿ ಎಂದೆ. ಹೋಗಲಿಲ್ಲ, ಇಳಿದು ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. “ಸಾವಿ ಕಿತ್ಕೊಂಡೋನು ಕೊಡ್ಲಿ ಅಮ್ಮಣಿ. ಕದ್ದು ಓಡ್ಸಾಕೆ ನಾನೇನ್ ಕಳ್ಳನಾ?” ಎಂದರು.

ಅವರ ಮಾತು ಸರಿ. ನಮ್ಮ ಮನೆಗಳಲ್ಲಿ ನಾಲ್ಕು ಜನರೆದುರು ಹೊರಿಸಿದ್ದನ್ನು ಆ ನಾಲ್ಕು ಜನರೆದುರೇ ಇಳಿಸುವುದು ಪದ್ಧತಿ. ಪಕ್ಕದ ಹೊಲದವನ ಎಮ್ಮೆ ಪೈರು ಮೇಯಿತೆಂದು ತಪ್ಪಾಗಿ ದೂರಿದ ಅಜ್ಜ, ಅದೇ ಜಗಲಿಯಲ್ಲಿ, ಅದೇ ಜನರನ್ನು ಮತ್ತೆ ಕರೆಸಿ, ಹೆಗಲ ಮೇಲಿನ ಟವೆಲ್ ತೆಗೆದು ತಪ್ಪೊಪ್ಪಿಕೊಂಡದ್ದನ್ನು ನೀನೂ ನೋಡಿದ್ದೀಯೆ. ನನ್ನ ಸೆರಗು ಹಿಡಿದು ನಿಂತಿದ್ದೆ.

ತಮಿಳರಸಿಗೆ ನನ್ನ ಪ್ರೀತಿ ಹೇಳು. ಯುವಶ್ರೀ ನೂರು ವರ್ಷ ತಣ್ಣಗಿರಲಿ. ನಿನಗೂ ಒಳ್ಳೆಯದಾಗಲಿ, ಕೋಪದಲ್ಲಿದ್ದರೂ ಬೇರೆ ಹಾರೈಸಲು ನನಗೆ ಬಾರದು.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ,
ಜೆಯಲಕ್ಷ್ಮಿ

ಮರೆಯುವ ಮೊದಲು: ಅಪ್ಪ ನಮ್ಮಿಬ್ಬರಿಗೆ ಮಾತ್ರ ಕಲಿಸಿದ ಕನ್ನಡ ಅಕ್ಷರದಲ್ಲಿ ಇದನ್ನು ಬರೆದಿದ್ದೇನೆ, ನಿನ್ನ ಮನೆಯಲ್ಲಿ ಬೇರೆ ಯಾರೂ ಓದಲಾರರು. ಇದು ನಿನ್ನ ಮಾನಕ್ಕೆ ನಾನು ಕೊಟ್ಟ ಮರ್ಯಾದೆ. ಉತ್ತರ ಮಾತ್ರ ಗುಟ್ಟಾಗಿ ಬೇಡ, ಫೋನ್ ಮಾಡಬೇಡ. ಚಿತ್ತಿರೈ ತಿಂಗಳಲ್ಲಿ ಅದೇ ಮಂಟಪದಲ್ಲಿ ನಡೆಯುವ ಯುವಶ್ರೀಯ ಮದುವೆಗೆ ನಾವು ಬಸ್ಸಿನಲ್ಲಿ ಬರುತ್ತೇವೆ. ಸುಂದರನನ್ನು ಕಳಿಸಿ ಕಾರು ತರಿಸು. ತಾಳಿ ಕಟ್ಟಿದ ಮೇಲೆ, ಎಲೆ ಹಾಕುವ ಮೊದಲು, ಅಂದು ನಕ್ಕವರೆಲ್ಲ ಕೂತಿರುವಾಗ, ಅದೇ ಬಾಗಿಲಲ್ಲಿ ನಿಂತು ಹೇಳು: ಮಂಕಾದದ್ದು ಯಾವುದು, ಮತ್ತು ಊರಿಗೆ ವಾಪಸ್ ಕಾರು ಓಡಿಸುವವರು ಯಾರು?