ಗಂಡುಮಕ್ಕಳನ್ನು ಪಕ್ಕದ ಮನೆಯವರೆಂದ ಅಮ್ಮನಿಗೆ ಬುದ್ಧಿ ಕೆಟ್ಟಿಲ್ಲ

ಮಾನ್ಯ ನೋಂದಣಾಧಿಕಾರಿಗಳೇ,

ನನ್ನ ಅಮ್ಮ ಹಜ್ಜಾ ಇನ್ಸಾಫ್‌ಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ತಮ್ಮ ಕಚೇರಿ ಕಳೆದ ವಾರ ಘೋಷಿಸಿತು. ಒಂದು ಲೋಟ ಚಹಾ ಆರುವಷ್ಟರಲ್ಲಿ ತೀರ್ಮಾನವೂ ಆಗಿಹೋಯಿತು. ನಮ್ಮ ಬೀದಿಯಲ್ಲಿ ಬೆಂಡೆಕಾಯಿ ಕೊಳ್ಳುವವರೂ ಅದಕ್ಕಿಂತ ಹೆಚ್ಚು ಹೊತ್ತು ತುದಿ ಮುರಿದು ನೋಡುತ್ತಾರೆ. ಆ ಟಿಪ್ಪಣಿಯ ಕೆಳಗೆ ರುಜು ಹಾಕಿದವರು ತಾವಾದ್ದರಿಂದ ಪತ್ರವೂ ತಮಗೇ. ಕಚೇರಿಗೆ ಕೊಟ್ಟರೆ ಯಾರೂ ಓದುವುದಿಲ್ಲ, ಪತ್ರಿಕೆಗೆ ಕೊಟ್ಟರೆ ಕಡೇಪಕ್ಷ ಊರವರಾದರೂ ಓದುತ್ತಾರೆ.

ನಾವು ಕೇಳಿದ್ದೇನು ಮಹಾ? ಅಮ್ಮನ ಪರವಾಗಿ ವ್ಯವಹರಿಸಲು ನನ್ನ ಹೆಸರಿಗೊಂದು ಅಧಿಕಾರಪತ್ರ. ಅಮ್ಮನ ನೆನಪು ಅಲ್ಲಲ್ಲಿ ಸಡಿಲವಾಗುತ್ತಿದೆ. ಈಗ ತೊಂದರೆಯಿಲ್ಲ, ಮುಂದಿನ ಮಾತು ಹೇಳಲಾರೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಬೇರೆ ಮನೆಗಳಲ್ಲಿ ಇಂಥ ಮಾತನ್ನು ಹಾಸಿಗೆ ಕೆಳಗೆ ತಳ್ಳುತ್ತಾರೆ. ಅಮ್ಮನೇ ನನ್ನನ್ನು ಕೂರಿಸಿಕೊಂಡು, "ಇಬ್ತಿಹಾಲ್, ತಲೆ ನನ್ ಮಾತು ಕೇಳೋವಾಗ್ಲೇ ಪತ್ರ ಬರೆಸ್ಬಿಡೋಣ ಕಣೇ. ಆಮೇಲೆ ನನ್ ಪರವಾಗಿ ನೀನೇ ಮಾತಾಡ್ಬೇಕು. ಗಟ್ಟಿಯಾಗ್ ಮಾತಾಡು, ನಿಮ್ಮಪ್ಪನ ಥರ ಗೊಣಗ್ಬೇಡ" ಎಂದಳು.

ಅವಳಿಗೆ ಇಷ್ಟು ಅವಸರವೇಕೆಂದರೆ ನಮ್ಮಣ್ಣ ಶೌಕಿ. ಸೋಫಾ ವ್ಯಾಪಾರಿ. ಅಮ್ಮನಿರುವ ನೆಲಮಹಡಿಯನ್ನು ಅಂಗಡಿ ಮಾಡಿ, ಅವಳನ್ನು ಲಿಫ್ಟಿಲ್ಲದ ನಾಲ್ಕನೇ ಮಹಡಿಯ ತನ್ನ ಮನೆಗೆ ಏರಿಸಬೇಕೆಂಬುದು ಅವನ ಯೋಜನೆ. "ಮೇಲೆ ಗಾಳಿ ಚೆನ್ನಾಗಿದೆಯಮ್ಮಾ" ಎಂದು ಅವನು ಅಂದರೆ, "ಹೂಂ ಕಣಪ್ಪಾ, ಆಮೇಲೆ ನನ್ನ ಕೆಳಗಿಳಿಸೋಕೆ ನಾಲ್ಕು ಜನ ಹೆಗಲು ಕೊಡ್ಬೇಕಾಗುತ್ತೆ" ಎಂದು ಅಮ್ಮ ಅಂದಳು. ಅವಳ ಸವೆದ ಮಂಡಿಯಲ್ಲಿ ಒಮ್ಮೆ ಹತ್ತಿದರೆ ಇಳಿಯುವ ಮಾತಿಲ್ಲ. ಅವಳ ಬದುಕೆಲ್ಲ ಬೀದಿಗೆ ತೆರೆದ ಆ ಕಿಟಕಿಯಲ್ಲಿದೆ. ಮೀನಿನವನನ್ನು ಬೈಯುವುದು, ಶಾಲೆ ಬಿಟ್ಟ ಹುಡುಗಿಯರ ಜಡೆ ಸರಿಮಾಡುವುದು, ಯಾರ ಮನೆಯ ಮೊಲೊಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಹೊತ್ತಿತೆಂದು ವಾಸನೆಯಲ್ಲೇ ತೀರ್ಪು ಕೊಡುವುದು, ಎಲ್ಲ ಅಲ್ಲಿಂದಲೇ.

ಮನೆಗೇ ಬಂದು ಹೇಳಿಕೆ ಪಡೆಯುವ ಸೌಕರ್ಯವಿದೆಯೆಂದು ತಾವು ಗುಮಾಸ್ತರನ್ನು ಕಳಿಸಿದಿರಿ. ಉಪಕಾರವಾಯಿತು. ಆ ಮಹಾಶಯರು ಒಳಗೆ ಕಾಲಿಟ್ಟವರೇ ಗೋಡೆಯ ಮೇಲಿದ್ದ ನನ್ನ ಮೂವರು ಅಣ್ಣಂದಿರ ಪಟ ನೋಡಿ, "ಓಹೋ, ಎಂಥಾ ಗಂಡುಮಕ್ಕಳು! ಕಂಬ ನಿಂತ ಹಾಗಿದಾರೆ!" ಎಂದರು. ಹಿಂದಿಲ್ಲ, ಮುಂದಿಲ್ಲ, ದೃಷ್ಟಿ ತಾಗದಿರಲೆಂದು ಒಂದು "ಮಾಷಾಅಲ್ಲಾ" ಇಲ್ಲ! ಅಯ್ಯಾ, ನೈಲ್ ನದಿಯ ನೀರು ಕುಡಿದ ಯಾವ ತಾಯಿ ಇದನ್ನು ಕೇಳಿ ಸುಮ್ಮನಿರುತ್ತಾಳೆ? ಅಮ್ಮನ ಮುಖ ಬಿಳಿಚಿಕೊಂಡಿತು.

"ನಿಮ್ಮ ಮಕ್ಕಳಾ, ಹಜ್ಜಾ?"

"ಅವ್ರಾ? ಪಕ್ಕದ್ಮನೆಯವ್ರು."

"ಮತ್ತೆ ನಿಮಗೆ ಮಕ್ಕಳೆಷ್ಟು?"

"ಇವ್ಳೊಬ್ಳೇ. ಇವಳೂ ಅಷ್ಟೇ ಬಿಡಿ ಉಸ್ತಾದ್, ಸದಾ ಕಾಯಿಲೆ, ಒಂದು ಚಹಾ ನೆಟ್ಟಗೆ ಮಾಡಕ್ಕೆ ಬರಲ್ಲ."

"ಅಂಥವಳ ಕೈಗೆ ಎಲ್ಲಾ ಕೊಡ್ತೀರಾ?"

"ಇನ್ಯಾರಿಗೆ ಕೊಡ್ಲಿ, ನಿಮಗಾ?"

ಗುಮಾಸ್ತರು ಚಹಾ ಕುಡಿದು ಮುಗಿಸಿದರು. ಅರ್ಜಿದಾರಳಿಗೆ ಹೆತ್ತ ಮಕ್ಕಳ ನೆನಪಿಲ್ಲ, ನೇಮಿಸಬೇಕಾದ ಮಗಳ ಮೇಲೆ ವಿಶ್ವಾಸವೂ ಇಲ್ಲ ಎಂದು ಬರೆದುಕೊಂಡು, ನೀಲಿಮಣಿ ಪೋಣಿಸಿದ ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಹೊರಟರು. ಆ ಮಣಿ ಯಾವ ಕಣ್ಣಿಗೆ ಹೆದರಿ ಕಟ್ಟಿದ್ದೆಂದು ದಯವಿಟ್ಟು ಅವರನ್ನೇ ವಿಚಾರಿಸಿ. ಅವರು ಹೋದಮೇಲೆ ನಾನು ತಲೆ ಚಚ್ಚಿಕೊಂಡರೆ, "ಮತ್ತೇನೇ? ಕಣ್ಣು ಹಾಕೋನ ಮುಂದೆ ನಾಲ್ಕೂ ಮಕ್ಳನ್ನ ಸಾಲಾಗಿ ನಿಲ್ಲಿಸ್ಲಾ?" ಎಂದು ಅಮ್ಮ ನನಗೇ ಗದರಿದಳು.

ಮಾನ್ಯರೇ, ತಾಯಿ ಮಕ್ಕಳನ್ನು ದೃಷ್ಟಿಯಿಂದ ಕಾಯುವುದು ಮರೆವಿನ ಲಕ್ಷಣವಾದರೆ ಈ ಊರಿನ ಅಷ್ಟೂ ತಾಯಂದಿರನ್ನು ಆಸ್ಪತ್ರೆಗೆ ಸೇರಿಸಿ. ತಮ್ಮನ್ನು ಹೆತ್ತ ಮಹಾತಾಯಿಯೂ ತಮ್ಮ ಎಳವೆಯಲ್ಲಿ, "ನನ್ ಮಗ ದಡ್ಡ" ಎಂದು ಹತ್ತು ಮನೆಗೆ ಹೇಳಿರುತ್ತಾರೆ. ಅದನ್ನೇ ಹೇಳಿಕೆಯೆಂದು ದಾಖಲಿಸಿದ್ದರೆ ಇಂದು ಆ ಕುರ್ಚಿಯಲ್ಲಿ ಯಾರಿರುತ್ತಿದ್ದರು?

ನಗುವ ಮಾತು ಸಾಕು. ತಮ್ಮ ಟಿಪ್ಪಣಿ ಹಿಡಿದು ಶೌಕಿ ನ್ಯಾಯಾಲಯಕ್ಕೆ ಹೋಗಿದ್ದಾನೆ, ತಾನೇ ಪಾಲಕನಾಗಬೇಕಂತೆ. ಕಿಟಕಿ ಒಡೆದು ಗಾಜಿನ ಬಾಗಿಲಿಡಲು ಬಡಗಿಯನ್ನೂ ಕರೆತಂದಿದ್ದ. ನಮ್ಮ ಮರುಪರಿಶೀಲನೆಯ ಅರ್ಜಿಗೆ ತಾವು ದಿನ ಕೊಟ್ಟಿರುವುದು ಬರುವ ಚಳಿಗಾಲಕ್ಕೆ. ಇಂದು ತಪ್ಪಾಗಿ ಬರೆದದ್ದು ಅಷ್ಟರಲ್ಲಿ ನಿಜವಾಗಿಬಿಟ್ಟರೆ? ನನಗೆ ಭಯವಾಗುತ್ತಿದೆ. ಮೊನ್ನೆ ಅಮ್ಮ ನನ್ನನ್ನು ತೀರಿಹೋದ ಚಿಕ್ಕಮ್ಮನ ಹೆಸರಿನಿಂದ ಕರೆದಳು. ನಾನು ಓಗೊಟ್ಟೆ, ಇನ್ನೇನು ಮಾಡಲಿ? ಸ್ವಲ್ಪ ಹೊತ್ತಿಗೆ ಅವಳಿಗೇ ಗೊತ್ತಾಯಿತು. ನನ್ನ ಕೈ ಹಿಡಿದು, "ಬೇಗ ಕರ್ಕೊಂಬಾರೇ ಅವ್ರನ್ನ. ಇನ್ ಸ್ವಲ್ಪ ದಿನ ಹೋದ್ರೆ ಯಾರೇನ್ ಕೇಳಿದ್ರೂ ಹೂಂ ಅಂದ್ಬಿಡ್ತೀನಿ" ಎಂದಳು.

ಆದ್ದರಿಂದ ಈ ವಾರವೇ ಬನ್ನಿ. ಗುಮಾಸ್ತರು ಬೇಡ, ತಾವೇ ಬನ್ನಿ. ಮಕ್ಕಳ ಲೆಕ್ಕ ಕೇಳಬೇಡಿ. ಅಮ್ಮನ ಎದುರು ಕೂತು, "ನಾಲ್ಕನೇ ಮಹಡಿಗೆ ಹೋಗ್ತೀರಾ?" ಎಂದು ಮಾತ್ರ ಕೇಳಿ. ಇವತ್ತಿನವರೆಗೂ ಅವಳು ಇಲ್ಲ ಎನ್ನಬಲ್ಲಳು.

ಇಂತಿ,
ದಿನವೂ ಮುಂಜಾನೆ ಅಮ್ಮ ಯಾವ ಹೆಸರು ಹಿಡಿದು ಕರೆಯುತ್ತಾಳೋ ಎಂದು ಉಸಿರು ಬಿಗಿಹಿಡಿದು ಕಾಯುವ
ಇಬ್ತಿಹಾಲ್